ಕಂಬದ ಮೇಲಿನ ಅಂಕಿ

ನನ್ನ ಅಂಗಿಯ ಜೇಬಿನಲ್ಲಿ ಸದಾ ಒಂದು ಪುಟ್ಟ ನೋಟ್‌ಬುಕ್ ಇರುತ್ತದೆ. ಹಾಲಿನವನ ಲೆಕ್ಕ ಬರೆದಿಡಲು ಅಂಗಡಿಯಿಂದ ತರುತ್ತೇವಲ್ಲ, ಅಂಥದ್ದು. ಎಂಟು ವರ್ಷಗಳಲ್ಲಿ ಹನ್ನೊಂದು ನೋಟ್‌ಬುಕ್ ತುಂಬಿವೆ. ಅವುಗಳಲ್ಲಿ ಹಾಲಿನ ಲೆಕ್ಕವೂ ಇಲ್ಲ, ಕವಿತೆಯೂ ಇಲ್ಲ. ‘ಫೋರ್ಟ್‌ನಲ್ಲಿ ಮರಗಳಿಗೆಲ್ಲ ನಂಬರ್ ಬರೆದಿದ್ದಾರೆ, ಯಾಕೆ?’, ‘ಪ್ಲಾಟ್‌ಫಾರ್ಮ್ ತುದಿಯಲ್ಲಿ 12 ಎಂಬ ಹಲಗೆ, ಯಾಕೆ?’, ‘ಡಬ್ಬಾವಾಲಾ ಡಬ್ಬಿಯ ಮುಚ್ಚಳದ ಮೇಲೆ ಬಣ್ಣದ ಅಕ್ಷರ, ಯಾಕೆ?’ ಎಂಬಂಥ ಸಾಲುಗಳಿವೆ. ಉತ್ತರ ಸಿಕ್ಕ ದಿನ ಅದರ ಕೆಳಗೇ ಉತ್ತರ ಬರೆಯುತ್ತೇನೆ. ಎಷ್ಟೋ ಪ್ರಶ್ನೆಗಳ ಕೆಳಗಿನ ಸಾಲು ಇನ್ನೂ ಖಾಲಿ ಇದೆ. ನನ್ನ ಹೆಂಡತಿ ಇದಕ್ಕೆ ‘ಯಾಕೆ ಪುಸ್ತಕ’ ಎಂದು ಹೆಸರಿಟ್ಟಿದ್ದಾಳೆ. “ಮನೆಯಲ್ಲಿ ಗ್ಯಾಸ್ ಮುಗಿದಿದ್ದು ಕಾಣಲ್ಲ, ಬೀದಿ ಮರದ ನಂಬರ್ ಕಾಣತ್ತೆ” ಎನ್ನುವುದು ಅವಳ ದೂರು. ದೂರಿನಲ್ಲಿ ಹುರುಳಿಲ್ಲದೆ ಇಲ್ಲ.

ನಾನು ಅಣ್ಣಿಗೇರಿಯವನು. 2014ರಿಂದ ಮುಂಬೈಯಲ್ಲಿದ್ದೇನೆ. ಮನೆ ಡೊಂಬಿವಲಿಯಲ್ಲಿ, ಕಚೇರಿ ಫೋರ್ಟ್‌ನಲ್ಲಿ, ಕೆಲಸ ಲೆಕ್ಕ ತಪಾಸಣೆ. ಸಿಎಸ್‌ಎಂಟಿಗೆ ಸುಮಾರು 48 ಕಿಲೋಮೀಟರು. ಹೋಗಿ ಬರುವುದಕ್ಕೆ ದಿನಕ್ಕೆ ಎರಡೂವರೆ ಗಂಟೆ ಲೋಕಲ್ ರೈಲಿನಲ್ಲೇ ಕಳೆಯುತ್ತದೆ. ಮೊದಲೆರಡು ವರ್ಷ ಆ ಹೊತ್ತನ್ನು ನಾನೂ ಎಲ್ಲರಂತೆ ಫೋನ್ ನೋಡುತ್ತಲೇ ಕಳೆದೆ. ಹೊರಗೆ ಯಾವ ಊರು ಹೋಯಿತು, ಯಾವ ಊರು ಬಂತು ಎಂಬುದು ಸ್ಟೇಷನ್ ಹೆಸರು ಹೇಳುವ ದನಿ ಕೇಳಿದರಷ್ಟೇ ತಿಳಿಯುತ್ತಿತ್ತು.

2016ರ ಮಳೆಗಾಲದಲ್ಲಿ ಒಂದು ದಿನ ಕುರ್ಲಾ ಹತ್ತಿರ ಬಾಗಿಲ ಬಳಿ ನಿಂತು ಫೋನ್ ನೋಡುತ್ತಿದ್ದೆ. ಹಳಿಯ ಪಕ್ಕ ನಿಂತಿದ್ದವನೊಬ್ಬ ಕೋಲಿನಿಂದ ಮಣಿಕಟ್ಟಿಗೆ ಹೊಡೆದ. ಫೋನ್ ಕೆಳಗೆ ಬಿತ್ತು, ರೈಲು ಮುಂದೆ ಹೋಯಿತು. ಮುಂಬೈಯಲ್ಲಿ ಇದಕ್ಕೆ ‘ಫಟಕಾ’ ಎನ್ನುತ್ತಾರೆ. ತಿಂಗಳ ಕೊನೆಯಾದ್ದರಿಂದ ಹೊಸ ಫೋನ್ ಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹೀಗೆ ಐದು ವಾರ ಕೈ ಖಾಲಿ. ಪೇಪರ್ ಬಿಡಿಸಲು ಜಾಗವಿಲ್ಲ, ಪಕ್ಕದವರ ಭುಜ ಮೂಗಿಗೆ ತಾಗುತ್ತಿರುತ್ತದೆ. ಹೊರಗೆ ನೋಡುವುದೊಂದೇ ಉಳಿದ ಕೆಲಸ.

ಆಗ ಕಂಡದ್ದು ಕಂಬಗಳು.

ಲೋಕಲ್ ರೈಲಿಗೆ ಕರೆಂಟ್ ಒಯ್ಯುವ ತಂತಿಯನ್ನು ಹಿಡಿದ ಕಬ್ಬಿಣದ ಕಂಬಗಳಿವೆಯಲ್ಲ, ಪ್ರತಿಯೊಂದರ ಮೇಲೂ ಎರಡು ಅಂಕಿಗಳು. ಮೇಲೊಂದು, ಕೆಳಗೊಂದು. ಮೇಲೆ 12 ಇದ್ದರೆ ಕೆಳಗೆ 8. ಮುಂದಿನದರಲ್ಲಿ ಮೇಲೆ ಮತ್ತೆ 12, ಕೆಳಗೆ 10. ಎರಡು ದಿನ ನೋಡಿ ನಾನೊಂದು ತೀರ್ಮಾನಕ್ಕೆ ಬಂದೆ. ಇದು ಬಣ್ಣ ಬಳಿದ ತಾರೀಖು. ಆಗಸ್ಟ್ 12, ಅಕ್ಟೋಬರ್ 12. ಲೆಕ್ಕದವನ ತಲೆ, ಎಲ್ಲೆಲ್ಲೂ ತಾರೀಖನ್ನೇ ಕಾಣುತ್ತದೆ. ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆದೂ ಬಿಟ್ಟೆ. ನಾಲ್ಕನೇ ದಿನ ಮುಲುಂಡ್ ದಾಟಿದ ಮೇಲೆ ಒಂದು ಕಂಬದ ಮೇಲೆ 32 ಕಂಡಿತು. ಯಾವ ತಿಂಗಳಲ್ಲಿ 32ನೇ ತಾರೀಖಿದೆ?

ಪಕ್ಕದಲ್ಲಿ ನಿಂತವರನ್ನು ಕೇಳಿದೆ. ಇಪ್ಪತ್ತು ವರ್ಷದಿಂದ ಅದೇ ರೈಲಿನಲ್ಲಿ ಓಡಾಡುವವರು. “ಕಂಬಕ್ಕೆ ನಂಬರ್ ಇದೆಯಾ?” ಎಂದು ಅವರೇ ನನ್ನನ್ನು ಕೇಳಿದರು.

ಕಾಕಾನ ಪಾಠ

ಉತ್ತರ ಸಿಕ್ಕಿದ್ದು ಊರಿನಿಂದ. ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಹುಬ್ಬಳ್ಳಿ–ಗದಗ ಹಾದಿಯಲ್ಲಿ ರೈಲ್ವೆಯ ಕೀಮನ್ ಆಗಿದ್ದವರು. ನಿವೃತ್ತರಾಗಿ ವರ್ಷಗಳೇ ಕಳೆದಿವೆ. ಹೊಸ ಫೋನ್ ಬಂದ ಮೇಲೆ ಅವರಿಗೆ ಕರೆ ಮಾಡಿ, ಯೋಗಕ್ಷೇಮ ಮುಗಿದ ನಂತರ ಕೇಳಿದೆ.

“ಕಾಕಾ, ರೈಲಿನ ಕರೆಂಟ್ ಕಂಬಕ್ಕ ಬಣ್ಣ ಹಚ್ಚಿದ ತಾರೀಖು ಬರೀತಾರೇನ್ರಿ?”

“ಯಾರ್ ಹೇಳಿದ್ರು ನಿನಗ?”

“ಯಾರೂ ಹೇಳಿಲ್ರಿ. ಮೇಲೊಂದು ಕೆಳಗೊಂದು ಅಂಕಿ ಐತಿ. ಆದ್ರ ಒಂದರ ಮ್ಯಾಲೆ ಮೂವತ್ತೆರಡು, ಕೆಳಗ ಐದು ಅಂತ ಐತಿ.”

ಆ ಕಡೆಯಿಂದ ಜೋರಾದ ನಗು. “ಅದು ತಾರೀಖಲ್ಲೋ ತಮ್ಮಾ, ಜಾಗಾದ ಹೆಸರು. ಮೂವತ್ತೆರಡು ಅಂದ್ರ ಕಿಲೋಮೀಟರು. ಐದು ಅಂದ್ರ ಆ ಕಿಲೋಮೀಟರಿನಾಗ ಐದನೇ ನಂಬರಿನ ಕಂಬ. ಲೆಕ್ಕಾ ತಪಾಸ ಮಾಡಾಂವ ನೀ, ಇಷ್ಟೂ ಗೊತ್ತಾಗಲಿಲ್ಲೇನು?”

ಸರಳ ವಿಷಯ. ನಮ್ಮ ಹಾದಿಯ ದೂರವನ್ನು ಸಿಎಸ್‌ಎಂಟಿಯಿಂದ ಎಣಿಸುತ್ತಾರೆ. ಮೇಲಿನ ಅಂಕಿ ಅಲ್ಲಿಂದ ಎಷ್ಟು ಕಿಲೋಮೀಟರ್ ಎಂಬುದು. ಕೆಳಗಿನದು ಆ ಕಿಲೋಮೀಟರಿನೊಳಗಿನ ಕಂಬದ ಕ್ರಮಸಂಖ್ಯೆ. ಹಳಿಯ ಒಂದು ಬದಿಗೆ ಬೆಸ ಸಂಖ್ಯೆಗಳು, ಇನ್ನೊಂದು ಬದಿಗೆ ಸಮ ಸಂಖ್ಯೆಗಳು. ಎರಡು ಕಂಬಗಳ ನಡುವೆ ಸಾಮಾನ್ಯವಾಗಿ 72 ಮೀಟರಿಗಿಂತ ಹೆಚ್ಚು ಅಂತರವಿರುವುದಿಲ್ಲ. ಅಂದರೆ ಕಂಬದ ಅಂಕಿ ಹೇಳಿದರೆ ಸಾಕು, ಅಷ್ಟು ಉದ್ದದ ಹಾದಿಯಲ್ಲಿ ನೀವು ನಿಂತ ಜಾಗವನ್ನು ರೈಲ್ವೆಯವರು ಕೆಲವೇ ಹೆಜ್ಜೆಗಳ ಅಂತರದಲ್ಲಿ ಹುಡುಕಬಲ್ಲರು. ಬೀದಿಯ ಮನೆಗಳಿಗೆ ಬಾಗಿಲ ನಂಬರ್ ಇದ್ದಹಾಗೆ.

ಕಾಕಾ ಕೆಲಸಕ್ಕಿದ್ದಾಗ ಆ ಹಾದಿ ಮೀಟರ್ ಗೇಜ್ ಆಗಿತ್ತು. ಕರೆಂಟ್ ಕಂಬಗಳಿರಲಿಲ್ಲ. ಹಳಿಯ ಪಕ್ಕದ ತಂತಿ ಕಂಬಗಳಿಗೇ ಅಂಕಿ ಬರೆದಿರುತ್ತಿತ್ತು. ಕೀಮನ್ ಎಂದರೆ ತನ್ನ ಪಾಲಿನ ಐದಾರು ಕಿಲೋಮೀಟರ್ ಹಳಿಯನ್ನು ದಿನವೂ ನಡೆದು ನೋಡುವವನು. ಹೆಗಲಿಗೆ ಸುತ್ತಿಗೆ, ಸ್ಪ್ಯಾನರ್, ಕೈಯಲ್ಲಿ ಕೆಂಪು ಬಾವುಟ, ಚೀಲದಲ್ಲಿ ಹಳಿಯ ಮೇಲಿಟ್ಟು ರೈಲು ನಿಲ್ಲಿಸುವ ಪಟಾಕಿ. ಸಡಿಲಾದ ಕೀಲಿಯನ್ನು ಬಡಿದು ಕೂರಿಸುವುದು, ಹಳಿ ಸೀಳಿದ್ದರೆ ರೈಲು ತಡೆಯುವುದು ಅವನ ಕೆಲಸ. ಸೀಳು ಕಂಡರೆ ಮೊದಲು ಬರೆದುಕೊಳ್ಳುವುದು ಕಂಬದ ನಂಬರ್. “ನಮಗ ಊರ ಹೆಸರಿಗಿಂತ ಕಂಬದ ನಂಬರ್ ಬಾಯಿಪಾಠ ಇರತಿತ್ತು” ಎಂದರು ಕಾಕಾ. ಚಿಕ್ಕವನಿದ್ದಾಗ ಅವರ ಕೆಲಸ ‘ಬರೀ ನಡೆಯೋದು’ ಎಂದುಕೊಂಡಿದ್ದೆ. ಆ ದಿನ ನನಗೆ ಸ್ವಲ್ಪ ನಾಚಿಕೆಯಾಯಿತು.

ಅಲ್ಲಿಂದ ಮುಂದೆ ವಾರಕ್ಕೊಂದು ಪ್ರಶ್ನೆ, ಭಾನುವಾರ ಕಾಕಾನ ಉತ್ತರ. ದೂರದ ರೈಲುಗಳ ಕೊನೆಯ ಡಬ್ಬಿಯ ಹಿಂದೆ ಹಳದಿ ಎಕ್ಸ್ ಗುರುತು ಯಾಕೆ? ಆ ಗುರುತು ಕಂಡರೆ ಗಾಡಿ ಪೂರ್ತಿ ಬಂತು, ನಡುವೆ ಡಬ್ಬಿ ಕಳಚಿ ಉಳಿದಿಲ್ಲ ಎಂದು ಸ್ಟೇಷನ್ನಿನವರಿಗೆ ಖಾತ್ರಿ. ಹಳಿಯ ಪಕ್ಕ ಎರಡು ತೋಳಿನ ಗಿಡ್ಡ ಕಂಬ ಯಾಕೆ? ತೋಳು ಮೇಲಕ್ಕಿದ್ದರೆ ಮುಂದೆ ಏರು, ಕೆಳಕ್ಕಿದ್ದರೆ ಇಳಿಜಾರು. ಪ್ಲಾಟ್‌ಫಾರ್ಮ್ ತುದಿಯ 12? ಹನ್ನೆರಡು ಡಬ್ಬಿಯ ಲೋಕಲ್‌ನ ಮೋಟರ್‌ಮನ್ ಗಾಡಿಯನ್ನು ಎಲ್ಲಿ ನಿಲ್ಲಿಸಬೇಕು ಎಂಬ ಗುರುತು.

ಒಂದು ಪ್ರಶ್ನೆಗೆ ಮಾತ್ರ ಕಾಕಾನ ಬಳಿ ಪೂರ್ತಿ ಉತ್ತರವಿರಲಿಲ್ಲ. ನಮ್ಮೂರ ಕಡೆಯ ಸ್ಟೇಷನ್ನಿನ ಹಳದಿ ಹಲಗೆಯಲ್ಲಿ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎಂದು ಬರೆದಿರುತ್ತಾರೆ. ಸಮುದ್ರವೇ ಇಲ್ಲದ ಊರಿಗೆ ಸಮುದ್ರದ ಲೆಕ್ಕ ಯಾಕೆ? ಓದಿ ತಿಳಿದುಕೊಂಡೆ. ಹಳಿ ಹಾಕುವಾಗ, ಸೇತುವೆ ಕಟ್ಟುವಾಗ ಎಲ್ಲ ಊರಿನ ಎತ್ತರವನ್ನೂ ಒಂದೇ ಅಳತೆಯಲ್ಲಿ ಹೇಳಬೇಕು. ಅದಕ್ಕೆ ಸಮುದ್ರದ ಸರಾಸರಿ ಮಟ್ಟವೇ ಸೊನ್ನೆ. ಭಾರತದ ಹಳೆಯ ಲೆಕ್ಕದಲ್ಲಿ ಆ ಸೊನ್ನೆಯನ್ನು ಒಂಬತ್ತು ಬಂದರುಗಳಲ್ಲಿ ಉಬ್ಬರವಿಳಿತ ಅಳೆದು ನಿಗದಿ ಮಾಡಿದರು. ಮುಂಬೈ ಅವುಗಳಲ್ಲೊಂದು, ನಮ್ಮ ಕಾರವಾರವೂ ಒಂದು. ಇದನ್ನು ಹೇಳಿದಾಗ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ನಮ್ಮ ಸ್ಟೇಷನ್ನಿನ ಎತ್ತರದಾಗ ಕಾರವಾರದ ನೀರೂ ಐತಿ ಅನ್ನು” ಎಂದರು. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ರೈಲಿನಿಂದ ಇಳಿದ ಮೇಲೆ

ಕಣ್ಣಿಗೆ ಒಮ್ಮೆ ಚಟ ಹತ್ತಿದರೆ ಸ್ಟೇಷನ್ನಿನ ಹೊರಗೂ ಬಿಡುವುದಿಲ್ಲ. ನನ್ನ ಕಚೇರಿ ಇರುವುದು ಹಾರ್ನಿಮನ್ ಸರ್ಕಲ್ ಹತ್ತಿರ. ಅಲ್ಲಿನ ಸೇಂಟ್ ಥಾಮಸ್ ಕ್ಯಾಥೆಡ್ರಲ್ 1718ರದ್ದು. ಬ್ರಿಟಿಷರ ಕಾಲದಲ್ಲಿ ಊರಿನ ದೂರಗಳನ್ನು ಈ ಚರ್ಚಿನಿಂದ ಅಳೆದು ಕಪ್ಪು ಕಲ್ಲಿನ ಮೈಲಿಗಲ್ಲುಗಳನ್ನು ನೆಟ್ಟಿದ್ದರು. ಕೋಟೆಗೋಡೆಯಲ್ಲಿ ಈ ಚರ್ಚಿನ ಕಡೆಗಿದ್ದ ಬಾಗಿಲೇ ಚರ್ಚ್‌ಗೇಟ್. 1860ರ ದಶಕದಲ್ಲಿ ಕೋಟೆಗೋಡೆ ಹೋಯಿತು, ಬಾಗಿಲೂ ಹೋಯಿತು. ಹೆಸರು ಮಾತ್ರ ಸ್ಟೇಷನ್ನಿಗೆ ಉಳಿಯಿತು. ಮೈಲಿಗಲ್ಲುಗಳಲ್ಲಿ ಕೆಲವು ಇನ್ನೂ ಇವೆ. ರಸ್ತೆಗೆ ಮತ್ತೆ ಮತ್ತೆ ಡಾಂಬರು, ಫುಟ್‌ಪಾತಿಗೆ ಮತ್ತೆ ಮತ್ತೆ ಕಲ್ಲು ಹಾಕಿ ನೆಲ ಏರಿದ್ದರಿಂದ ಎಷ್ಟೋ ಕಲ್ಲುಗಳು ಕುತ್ತಿಗೆವರೆಗೆ ಹೂತಿದ್ದವು. ಕಾಲಬಾದೇವಿಯಲ್ಲೊಂದು, ದಾದರಿನಲ್ಲೊಂದು ಹುಡುಕಿಕೊಂಡು ಹೋಗಿ ನೋಡಿದೆ. ದಾದರಿನ ಕಲ್ಲಿನ ಪಕ್ಕ ಬೆಲ್ಟ್ ಮಾರುತ್ತಿದ್ದ ಹುಡುಗ, “ಏನ್ ಕಳ್ಕೊಂಡ್ರಿ ಸಾಬ್?” ಎಂದು ಹಿಂದಿಯಲ್ಲಿ ಕೇಳಿದ.

ಇನ್ನೊಂದು ಸೋಜಿಗ ‘ಪ್ಯಾವ್’. ಕಲ್ಲಿನ ಸಣ್ಣ ಗುಡಿಯಂತಿದ್ದು, ಮೇಲೆ ಜನರಿಗೆ ಕುಡಿಯುವ ನಲ್ಲಿ, ಕೆಳಗೆ ಎತ್ತು ಕುದುರೆಗಳಿಗೆ ತೊಟ್ಟಿ. ನಮ್ಮ ಊರುಗಳ ಅರವಟಿಗೆಯೇ, ಕಲ್ಲಿನಲ್ಲಿ ಕಟ್ಟಿದ್ದು. ಹೆಚ್ಚಿನವನ್ನು ಕಟ್ಟಿಸಿದವರು ಇಲ್ಲಿನ ವ್ಯಾಪಾರಿ ಮನೆತನಗಳು, ತೀರಿಕೊಂಡ ತಮ್ಮವರ ನೆನಪಿಗೆ. ಮೊದಲು ನಾನು ಅವುಗಳನ್ನು ಯಾವುದೋ ದೇವರ ಗುಡಿ ಎಂದುಕೊಂಡು ದಾಟಿ ಹೋಗುತ್ತಿದ್ದೆ. ಕೆಲವಕ್ಕೆ ಈಗ ಮತ್ತೆ ನೀರು ಬಂದಿದೆ, ಹಲವು ಒಣಗಿ ನಿಂತಿವೆ. ಗುರುತು ಪರಿಚಯವಿಲ್ಲದ ದಾರಿಹೋಕನಿಗಾಗಿ ಯಾರೋ ಮಾಡಿಟ್ಟ ವ್ಯವಸ್ಥೆ ಅದು. ಇಷ್ಟಾದರೂ ಇವೆಲ್ಲ ನನಗೆ ಬಿಡುವಿನ ಹೊತ್ತಿನ ಆಟವೇ ಆಗಿದ್ದವು. 2019ರ ಜುಲೈವರೆಗೆ.

ಹೇಳಲಾಗದ ಜಾಗ

ಮುಂಬೈ ಲೋಕಲ್‌ಗಳಲ್ಲಿ ದಿನಕ್ಕೆ 70 ಲಕ್ಷಕ್ಕೂ ಹೆಚ್ಚು ಜನ ಓಡಾಡುತ್ತಾರೆ. ಕೋವಿಡ್‌ನ ಎರಡು ವರ್ಷ ಬಿಟ್ಟರೆ ಪ್ರತಿವರ್ಷ ಎರಡು ಸಾವಿರಕ್ಕೂ ಹೆಚ್ಚು ಜನ ಈ ಹಳಿಗಳ ಮೇಲೆ ಜೀವ ಕಳೆದುಕೊಳ್ಳುತ್ತಾರೆ. ಹಳಿ ದಾಟುವವರೇ ಹೆಚ್ಚು, ನಂತರ ತುಂಬಿದ ರೈಲಿನಿಂದ ಬೀಳುವವರು. ಇಲ್ಲಿರುವ ನಮಗೆಲ್ಲ ಇದು ಗೊತ್ತು. ಗೊತ್ತಿದ್ದೂ ಬಾಗಿಲಲ್ಲಿ ನಿಲ್ಲುತ್ತೇವೆ, ಏಕೆಂದರೆ ಒಳಗೆ ಜಾಗವಿರುವುದಿಲ್ಲ.

ಆ ಸಂಜೆ ಮಳೆ. ಫಾಸ್ಟ್ ಲೋಕಲ್ ಘಾಟ್ಕೋಪರ್ ಬಿಟ್ಟಿತ್ತು. ಅದಕ್ಕೆ ಮುಂದಿನ ನಿಲುಗಡೆ ಠಾಣೆ. ಬಾಗಿಲ ಕಡೆಯಿಂದ ಒಮ್ಮೆಲೇ ಕೂಗು ಎದ್ದಿತು. ಒಬ್ಬ ಹುಡುಗ ಬಿದ್ದಿದ್ದ. ಕಾಲೇಜು ಹುಡುಗ, ಬೆನ್ನಿಗೆ ಚೀಲ ಇತ್ತು ಎಂದು ಯಾರೋ ಹೇಳಿದರು. ಸರಪಳಿಯವರೆಗೆ ಕೈ ಚಾಚಲು ಜಾಗವಿಲ್ಲ. ಎಳೆದು ನಿಲ್ಲಿಸಿದರೂ ಅಷ್ಟರಲ್ಲಿ ಅವನು ಎಷ್ಟು ಹಿಂದೆ ಉಳಿದಿರುತ್ತಾನೋ. ನಾನು ಫೋನ್ ತೆಗೆದು ಆಗಿನ ಸಹಾಯವಾಣಿಗೆ ಕರೆ ಮಾಡಿದೆ. ಕರೆ ತೆಗೆದವರು ಕೇಳಿದ ಮೊದಲ ಪ್ರಶ್ನೆ: “ಎಲ್ಲಿ?”

“ಘಾಟ್ಕೋಪರ್ ಮತ್ತು ಠಾಣೆ ನಡುವೆ.”

“ನಡುವೆ ಎಲ್ಲಿ? ಹತ್ತಿರ ಯಾವ ಸ್ಟೇಷನ್? ಕಿಲೋಮೀಟರ್ ಎಷ್ಟು?”

ಸುತ್ತ ನಿಂತವರನ್ನು ನೋಡಿದೆ. ಒಬ್ಬರು ವಿಕ್ರೋಲಿ ಎಂದರು, ಇನ್ನೊಬ್ಬರು ಭಾಂಡುಪ್ ದಾಟಿತ್ತು ಎಂದರು. ಘಾಟ್ಕೋಪರಿನಿಂದ ಠಾಣೆಗೆ ಸುಮಾರು 14 ಕಿಲೋಮೀಟರು. ಕತ್ತಲು, ಮಳೆ, ನಾಲ್ಕಾರು ಹಳಿಗಳು. ಎಲ್ಲಿ ಹುಡುಕುತ್ತಾರೆ? ನನ್ನ ಜೇಬಿನಲ್ಲಿ ನೋಟ್‌ಬುಕ್ ಇತ್ತು. ಅದರಲ್ಲಿ ಮೂರು ವರ್ಷದ ಕಂಬದ ಅಂಕಿಗಳಿದ್ದವು. ಬೇಕಾದ ಹೊತ್ತಿನಲ್ಲಿ ನಾನು ಕಿಟಕಿಯತ್ತ ತಿರುಗಿರಲೇ ಇಲ್ಲ.

ಠಾಣೆಯಲ್ಲಿ ಇಳಿದು ಸ್ಟೇಷನ್ ಮಾಸ್ಟರ್ ಕಚೇರಿಯಲ್ಲೂ ಹೇಳಿದೆ. ಅವರು ಎರಡೂ ಕಡೆಗೆ ಫೋನ್ ಮಾಡಿದರು. ನನ್ನ ನಂಬರ್ ಬರೆದುಕೊಂಡರು. ಆ ಹುಡುಗ ಏನಾದ ಎಂಬುದು ನನಗೆ ಇಂದಿಗೂ ತಿಳಿದಿಲ್ಲ.

ಭಾನುವಾರ ಕಾಕಾಗೆ ಇದನ್ನು ಹೇಳಿದೆ. ಸಮಾಧಾನದ ಮಾತು ಬರಬಹುದೆಂದುಕೊಂಡಿದ್ದೆ. ಬರಲಿಲ್ಲ. “ಮೂರು ವರ್ಷ ಆತು, ಕಂಬದ ನಂಬರ್ ಕಂಬದ ನಂಬರ್ ಅಂತ ನನ್ನ ತಲಿ ತಿಂದಿ. ಅದನ್ನ ಯಾಕ ಬರೀತಾರ ಅಂತ ಕೇಳಿದಿ, ನಾ ಹೇಳಿದೆ. ಕೇಳಿ ಏನ್ ಮಾಡಿದಿ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಒಂದು ಹಾಳೆಯ ಪಟ್ಟಿ

2020ರ ಮಾರ್ಚ್‌ನಲ್ಲಿ ಲೋಕಲ್‌ಗಳು ನಿಂತವು. ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಲೆಕ್ಕ ನೋಡುತ್ತಿದ್ದೆ. ರೈಲಿನ ಆ ಎರಡೂವರೆ ಗಂಟೆ ದಿನವೂ ಉಳಿಯತೊಡಗಿತು. ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ತೆಗೆದು, ಅಂಕಿಗಳನ್ನು ಒಂದು ಕಡೆ ಜೋಡಿಸಿದೆ. ಸಿಎಸ್‌ಎಂಟಿಯಿಂದ ಡೊಂಬಿವಲಿಯವರೆಗೆ ಪ್ರತಿ ಕಿಲೋಮೀಟರಿಗೆ ಒಂದು ಸಾಲು. ಮೊದಲು ಅಂಕಿ, ಅದರ ಮುಂದೆ ಎರಡು ಸ್ಟೇಷನ್ನುಗಳ ಹೆಸರು, ಆಮೇಲೆ ಕಿಟಕಿಯಿಂದ ಕಾಣುವ ಗುರುತು: ನಾಲೆ, ಪಾದಚಾರಿ ಸೇತುವೆ, ನೀರಿನ ಟ್ಯಾಂಕ್, ಮುಚ್ಚಿದ ಕಾರ್ಖಾನೆಯ ಗೋಡೆ. ಆಡಿಟ್ ವರದಿ ಬರೆದಷ್ಟೇ ಶಿಸ್ತಿನಿಂದ ಬರೆದೆ. ಗುರುತು ಸಿಗದ ಕಡೆ ಖಾಲಿ ಬಿಟ್ಟೆ.

ರೈಲು ಮತ್ತೆ ಶುರುವಾದ ಮೇಲೆ ಖಾಲಿ ಜಾಗಗಳನ್ನು ತುಂಬಿದೆ. ಒಂದು ಹಾಳೆಗೆ ಇಳಿಸಿ, ಜೆರಾಕ್ಸ್ ಮಾಡಿಸಿ, ನಮ್ಮ ಡಬ್ಬಿಯ ಗೆಳೆಯರಿಗೆ ಹಂಚಿದೆ. ಮುಂಬೈಯವರಿಗೆ ಗೊತ್ತು, ಇಲ್ಲಿ ರೈಲಿನ ಗೆಳೆತನವೇ ಬೇರೆ. ಅದೇ ರೈಲು, ಅದೇ ಡಬ್ಬಿ, ಅದೇ ಬಾಗಿಲು. ಹಲವರ ಮನೆ ಎಲ್ಲಿದೆ ಎಂದು ಗೊತ್ತಿರುವುದಿಲ್ಲ, ಮಗಳ ಮದುವೆ ಯಾವಾಗ ಎಂದು ಗೊತ್ತಿರುತ್ತದೆ. ನಮ್ಮ ಗುಂಪಿನಲ್ಲಿ ಭಜನೆ ಹೇಳುವ ಏಳೆಂಟು ಜನ, ಹೋಟೆಲ್ ಉದ್ಯಮದ ಒಬ್ಬ ಶೆಟ್ಟರು, ಸಾತಾರಾ ಕಡೆಯ ಒಬ್ಬ ಕ್ಯಾಷಿಯರ್. ಈ ಕ್ಯಾಷಿಯರ್ ಭಜನೆಗೆ ತಾಳ ಹಾಕುವವರು. ನಾವೆಲ್ಲ ‘ಭಾವೂ’ ಎನ್ನುತ್ತೇವೆ.

ಪಟ್ಟಿ ನೋಡಿ ಎಲ್ಲರೂ ನಕ್ಕರು. “ಇನ್ನು ಹಳಿಯ ಕಲ್ಲುಗಳನ್ನೂ ಎಣಿಸಿ ಮಾರಾಯ್ರೆ” ಎಂದರು ಶೆಟ್ಟರು. ಆದರೆ ಭಾವೂ ಅದನ್ನು ಮಡಚಿ ಪಾಸಿನ ಹಿಂದೆ ಇಟ್ಟುಕೊಂಡರು. ಸಂಜೆ ಬಾಗಿಲ ಬಳಿ ನಿಂತಾಗ ಭಜನೆಯ ನಡುವೆಯೇ “ಇಪ್ಪತ್ತೊಂದು ಬಂತು”, “ಇಪ್ಪತ್ತೆರಡು” ಎಂದು ನನ್ನತ್ತ ನೋಡಿ ಹುಬ್ಬು ಹಾರಿಸುವುದು ಅವರಿಗೆ ಅಭ್ಯಾಸವಾಯಿತು. ಹೀಗೆ ಒಂದೂವರೆ ವರ್ಷ ಕಳೆಯಿತು.

2023ರ ಮೇ ತಿಂಗಳು. ಇನ್ನೂ ಬೆಳಕಿತ್ತು, ಸೆಕೆ ಸುಡುತ್ತಿತ್ತು. ವಿಕ್ರೋಲಿ ದಾಟಿದ ಮೇಲೆ ಸಿಗ್ನಲ್‌ಗಾಗಿ ರೈಲು ನಿಧಾನವಾಗಿ, ಮತ್ತೆ ಜಗ್ಗಿ ವೇಗ ಹಿಡಿಯಿತು. ಆ ಜಗ್ಗುವಿಕೆಗೆ ನಮ್ಮ ಬಾಗಿಲಿನಲ್ಲೇ ನಿಂತಿದ್ದ ಒಬ್ಬರ ಕೈ ಜಾರಿತು. ನಡುವಯಸ್ಸಿನವರು, ಕೈಯಲ್ಲಿ ಊಟದ ಡಬ್ಬಿಯ ಚೀಲ. ಹಿಡಿಯಲು ಹೋದವರ ಕೈಗೆ ಚೀಲ ಮಾತ್ರ ಸಿಕ್ಕಿತು.

ಕೂಗಾಟದ ನಡುವೆ ಭಾವೂ ದನಿ ಕೇಳಿಸಿತು. ಅವರು ಮರಾಠಿಯಲ್ಲಿ ಅಂಕಿ ಹೇಳುತ್ತಿದ್ದರು. ಇಪ್ಪತ್ತನಾಲ್ಕು, ಹದಿನೇಳು. ಇಪ್ಪತ್ತನಾಲ್ಕು, ಹದಿನೇಳು. ಮಂತ್ರದ ಹಾಗೆ, ಮರೆತುಹೋಗಬಾರದೆಂದು. ನಾನು 139ಕ್ಕೆ ಕರೆ ಮಾಡಿದೆ. ಮೊದಲ ಪ್ರಶ್ನೆ ಅದೇ, “ಎಲ್ಲಿ?”

“ಕಿಲೋಮೀಟರ್ 24, ಕಂಬ 17. ಕಲ್ಯಾಣ ಕಡೆಗೆ ಹೋಗುವ ಫಾಸ್ಟ್ ಲೈನ್. ವಿಕ್ರೋಲಿ ಮತ್ತು ಕಾಂಜುರ್‌ಮಾರ್ಗ್ ನಡುವೆ.”

ಆ ಕಡೆ ಒಂದು ಕ್ಷಣ ಮೌನ. “ನೀವು ರೈಲ್ವೆಯವರಾ?” ಎಂದು ಕೇಳಿದರು. ಅಲ್ಲ ಎಂದೆ. ಇನ್ನೊಂದು ಪ್ರಶ್ನೆಯನ್ನೂ ಕೇಳದೆ ಕರೆ ಮುಗಿಸಿದರು.

ಎರಡು ದಿನದ ನಂತರ ರೈಲ್ವೆ ಪೊಲೀಸ್ ಠಾಣೆಯಿಂದ ಫೋನ್ ಬಂತು, ಹೇಳಿಕೆಗಾಗಿ. ನಾನೂ ಭಾವೂ ಹೋದೆವು. ಬರೆದುಕೊಳ್ಳುತ್ತಿದ್ದ ಹವಾಲ್ದಾರರು ಹೇಳಿದರು: ಅವರು ಬದುಕಿದ್ದಾರೆ. ಬಲಗಾಲು ಮುರಿದಿದೆ, ಪಕ್ಕೆಲುಬಿಗೆ ಪೆಟ್ಟಾಗಿದೆ. ಹಳಿಯ ಪಕ್ಕದ ಹುಲ್ಲಿನಲ್ಲಿ ಬಿದ್ದಿದ್ದರಿಂದ ಓಡುವ ರೈಲುಗಳಿಂದ ಕಾಣುತ್ತಿರಲಿಲ್ಲ. ಕಾಂಜುರ್‌ಮಾರ್ಗಿನಿಂದ ಸ್ಟ್ರೆಚರ್ ಹಿಡಿದವರು ನೇರ ಆ ಕಂಬಕ್ಕೇ ನಡೆದುಹೋದರಂತೆ. ಊಟದ ಡಬ್ಬಿಯ ಚೀಲವನ್ನು ಭಾವೂ ಹವಾಲ್ದಾರರ ಮೇಜಿನ ಮೇಲಿಟ್ಟರು. ತೊಳೆದು ತಂದಿದ್ದರು.

ಅವರನ್ನು ಉಳಿಸಿದ್ದು ನಮ್ಮ ಪಟ್ಟಿ ಎಂದು ನಾನು ಹೇಳಲಾರೆ. ರೈಲು ನಿಧಾನವಾಗಿದ್ದು, ಬೆಳಕಿದ್ದು, ಹುಲ್ಲಿದ್ದು, ಸ್ಟ್ರೆಚರ್ ಹಿಡಿದವರು ಓಡಿದ್ದು, ಎಲ್ಲವೂ ಸೇರಿದೆ. 2019ರ ಹುಡುಗನ ಲೆಕ್ಕವನ್ನು ಇದು ಸರಿದೂಗಿಸುವುದೂ ಇಲ್ಲ. ಆದರೆ ಒಂದು ಮಾತು ನನಗೆ ಖಾತ್ರಿಯಾಗಿದೆ. ಬೀದಿಯಲ್ಲಿ, ಹಳಿಯ ಮೇಲೆ, ಗೋಡೆಯ ಮೇಲೆ ಸುಮ್ಮನೆ ಬರೆದಂತೆ ಕಾಣುವ ಅಂಕಿ ಸುಮ್ಮನೆ ಬರೆದದ್ದಲ್ಲ. ಯಾರೋ ಒಬ್ಬರು ಬಣ್ಣದ ಡಬ್ಬಿ ಹಿಡಿದು, ಮುಂದೆ ಯಾರಿಗೋ ಬೇಕಾಗುತ್ತದೆಂದು ಬರೆದಿದ್ದಾರೆ. ಆ ‘ಯಾರೋ’ ಒಂದು ದಿನ ನಾವೇ ಆಗಿರಬಹುದು.

ಹೊರನಾಡಿನಲ್ಲಿರುವ ನಾವು ‘ಇದು ನಮ್ಮ ಊರಲ್ಲ’ ಎಂಬ ಒಂದು ಮಾತನ್ನು ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡೇ ಓಡಾಡುತ್ತೇವೆ. ನಾನೂ ಇಟ್ಟುಕೊಂಡಿದ್ದೆ. ನಮ್ಮದಲ್ಲದ ಊರಿನ ಕಂಬ ಯಾರು ನೋಡುತ್ತಾರೆ? ಈಗ ಅಣ್ಣಿಗೇರಿಯ ನಮ್ಮ ಓಣಿಯಲ್ಲಿ ಎಷ್ಟು ಕಂಬಗಳಿವೆ ಎಂದು ಕೇಳಿದರೆ ಹೇಳಲು ಬಾರದು. ಕಾಂಜುರ್‌ಮಾರ್ಗದ ಹತ್ತಿರದ್ದನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ.

ನೀವು ಪುಣೆಯಲ್ಲಿರಲಿ, ಚೆನ್ನೈಯಲ್ಲಿರಲಿ, ಹೈದರಾಬಾದಿನಲ್ಲಿರಲಿ, ದೆಹಲಿಯಲ್ಲಿರಲಿ, ದಿನವೂ ಹೋಗುವ ಹಾದಿಯಲ್ಲಿ ಒಂದು ವಾರ ಫೋನ್ ಜೇಬಿನಲ್ಲಿಟ್ಟು ನೋಡಿ. ಕರೆಂಟಿನ ಹಳಿ ಇದ್ದಲ್ಲೆಲ್ಲ ಕಂಬಗಳಿಗೆ ಇದೇ ಬಗೆಯ ಅಂಕಿಗಳಿವೆ. ಹೆದ್ದಾರಿಯಲ್ಲಿ ಕಿಲೋಮೀಟರ್ ಕಲ್ಲುಗಳಿವೆ. ಬೀದಿದೀಪದ ಕಂಬಕ್ಕೂ ಹಲವು ಊರುಗಳಲ್ಲಿ ನಂಬರ್ ಇದೆ. ಮನೆ ಹತ್ತಿರದ ಒಂದೆರಡನ್ನಾದರೂ ಬರೆದಿಟ್ಟುಕೊಳ್ಳಿ. ರೈಲಿನಲ್ಲಿ ಏನಾದರೂ ಆದರೆ 139, ರೈಲ್ವೆ ಪೊಲೀಸರಿಗೆ 1512. ಕರೆ ಮಾಡುವ ಮೊದಲು ಕಿಟಕಿಯಾಚೆ ಒಮ್ಮೆ ನೋಡಿ.

ಹೇಳಿಕೆ ಕೊಟ್ಟು ಬಂದ ರಾತ್ರಿ, ಭಾನುವಾರದವರೆಗೆ ಕಾಯದೆ ಕಾಕಾಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಕೇಳಿಸಿಕೊಂಡರು. ಶಾಭಾಸ್ ಎನ್ನಲಿಲ್ಲ.

“ಕಂಬ ಎಷ್ಟು ಅಂದಿ?”

“ಹದಿನೇಳ್ರಿ.”

“ಹದಿನೇಳು. ಬೆಸ ನಂಬರು. ಹಂಗಾರ ಯಾವ ಬಾಜೂ ಹುಡುಕಬೇಕಂತ ಅವರಿಗೆ ಗೊತ್ತಾಗಿರ್ತೈತಿ” ಎಂದರು. ಸ್ವಲ್ಪ ತಡೆದು ಕೇಳಿದರು, “ಅಂಕಿ ಛಲೋ ಕಾಣತಿತ್ತೋ, ಬಣ್ಣ ಹೋಗಿತ್ತೋ?”

ಮರುದಿನ ಸಂಜೆ ನೋಡಿದೆ. ಏಳರ ಕಾಲು ಸ್ವಲ್ಪ ಮಾಸಿದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಯಾರಿಗೆ ಹೇಳಿದರೆ ಬಣ್ಣ ಹಚ್ಚುತ್ತಾರೆ ಎಂಬುದನ್ನು ಇನ್ನು ಕೇಳಿ ತಿಳಿಯಬೇಕು.